ಚಳಿಯ ನಾಡಿಗೆ ಹೊರಡುವ ಮುನ್ನ



ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಿಮಗೆ ಚಳಿಯೆಂಬುದು ಬಹುಮಟ್ಟಿಗೆ ಪುಸ್ತಕದಲ್ಲಿ ಓದಿದ ಮಾತು. ಜನವರಿಯ ನಸುಕಿನಲ್ಲಿ ಉಷ್ಣತೆಯು ೧೫ ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರಕ್ಕೆ ಇಳಿದರೆ ಸಾಕು, ಇಲ್ಲಿಯ ಜನರು ಪೆಟ್ಟಿಗೆಯ ತಳದಿಂದ ಸ್ವೆಟರನ್ನು ಹೊರತೆಗೆಯುತ್ತಾರೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಅದನ್ನು ಮತ್ತೆ ಮಡಿಸಿ ಇಡುತ್ತಾರೆ. ಇಂತಹ ಊರಿನವರಾದ ನಮ್ಮ ಶಾಲೆಯ ಮಕ್ಕಳು ಈಚಿನ ವರ್ಷಗಳಲ್ಲಿ ಬೇಸಗೆಯ ರಜೆ ಬಂದೊಡನೆ ಹಿಮಾಲಯದ ಚಾರಣಗಳಿಗೆ ಹೊರಡತೊಡಗಿದ್ದಾರೆ. ಇದು ನಮಗೆಲ್ಲ ಸಂತೋಷದ ಸಂಗತಿ. ರಾಜಗಡ, ಹರಿಶ್ಚಂದ್ರಗಡಗಳನ್ನು ಏರಿದ ಕಾಲುಗಳಿಗೆ ಇನ್ನೂ ಎತ್ತರದ ಬೆಟ್ಟಗಳ ಆಸೆ ಹುಟ್ಟುವುದು ಸಹಜವೇ. ಆದರೆ ಸಹ್ಯಾದ್ರಿಯಲ್ಲಿ ಸಾಕಾಗುವ ಕಾಲಿನ ಬಲವೊಂದೇ ಹಿಮಾಲಯದಲ್ಲಿ ಸಾಲದು. ಅಲ್ಲಿ ಏನನ್ನು ಉಡಬೇಕು, ಏನನ್ನು ಜೊತೆಗೆ ಒಯ್ಯಬೇಕು, ಏಕೆ ಒಯ್ಯಬೇಕು ಎಂಬುದನ್ನು ಮನೆಯಲ್ಲಿರುವಾಗಲೇ ಕಲಿತಿರಬೇಕು. ಈ ಪಾಠದ ಉದ್ದೇಶ ಅದು. ಇದನ್ನು ಬರೆಯಲು ನಮಗೆ ಇನ್ನೊಂದು ಕಾರಣವೂ ಉಂಟು. ಅದನ್ನು ಮುಚ್ಚಿಡದೆ ಮೊದಲಿಗೇ ಹೇಳಿಬಿಡುವುದು ಲೇಸು.

ನಮ್ಮದೇ ಒಂದು ತಪ್ಪು

೨೦೧೮ರ ಮೇ ತಿಂಗಳಿನಲ್ಲಿ ನಾವು ಹನ್ನೊಂದು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಹಿಮಾಚಲ ಪ್ರದೇಶದ ಮನಾಲಿಯ ಸಮೀಪದಲ್ಲಿ ಒಂದು ಚಾರಣಕ್ಕೆ ಹೋಗಿದ್ದೆವು. ಹೊರಡುವ ಮುನ್ನ ನಡೆದ ಪಾಲಕರ ಸಭೆಯಲ್ಲಿ, ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬನ ತಾಯಿ ಎದ್ದು ನಿಂತು, "ಸರ್, ಇವನ ಹತ್ತಿರ ಬೆಚ್ಚನೆಯ ಪ್ಯಾಂಟು ಇಲ್ಲ. ಎಂಥದ್ದನ್ನು ಕೊಡಿಸಲಿ?" ಎಂದು ಕೇಳಿದರು. ಅವರ ಮನೆಯ ಸ್ಥಿತಿ ನಮಗೆ ತಿಳಿದಿತ್ತು. "ದಪ್ಪನೆಯ ಜೀನ್ಸ್ ಇದೆಯಲ್ಲ, ಅದೇ ಸಾಕು. ಹೊಸದಕ್ಕೆ ಹಣ ಹಾಕಬೇಡಿರಿ" ಎಂದು ನಾವು ಉತ್ತರ ಕೊಟ್ಟೆವು. ದಪ್ಪ ಬಟ್ಟೆಯೆಲ್ಲ ಬೆಚ್ಚನೆಯ ಬಟ್ಟೆಯೆಂದು ಅಂದು ನಾವೂ ನಂಬಿದ್ದೆವು.

ಮೂರನೆಯ ದಿನ ಸುಮಾರು ೧೧,೦೦೦ ಅಡಿಗಳ ಎತ್ತರದಲ್ಲಿ ನಡೆಯುತ್ತಿದ್ದೆವು. ಬೆಳಿಗ್ಗೆ ಒಳ್ಳೆಯ ಬಿಸಿಲು. ಏರುದಾರಿಯಲ್ಲಿ ಎಲ್ಲರೂ ಬೆವತಿದ್ದರು. ಮಧ್ಯಾಹ್ನ ಮೋಡ ಕವಿದು ಆಲಿಕಲ್ಲು ಬಿತ್ತು. ಅದರ ಬೆನ್ನಿಗೇ ಅರ್ಧ ಗಂಟೆ ಮಳೆ. ಮಳೆ ನಿಂತ ಮೇಲೆ ಗಾಳಿ ಎದ್ದಿತು. ಆ ಹುಡುಗನ ಜೀನ್ಸು ನೀರು ಕುಡಿದು ಭಾರವಾಗಿ ಕಾಲಿಗೆ ಅಂಟಿಕೊಂಡಿತ್ತು. ಮೊದಲು ಅವನು ನಡುಗುತ್ತಿದ್ದ; ಅನಂತರ ಹಿಂದೆ ಬೀಳತೊಡಗಿದ. ಮಾತನಾಡಿಸಿದರೆ ಒಂದೊಂದೇ ಶಬ್ದದಲ್ಲಿ, ಅದೂ ತೊದಲುತ್ತ, ಉತ್ತರ ಕೊಡುತ್ತಿದ್ದ. ಇದು ದಣಿವೆಂದು ತಿಳಿದು ನಾವು, "ಬೇಗ ಬೇಗ ನಡೆ, ಮೈ ಬಿಸಿಯಾಗುತ್ತದೆ" ಎಂದು ಅವಸರಪಡಿಸಿದೆವು.

ನಮ್ಮ ಮಾರ್ಗದರ್ಶಿಯು ಗದ್ದಿ ಕುರುಬರ ಮನೆತನದವನು. ಆತನು ಮುಂದಿನಿಂದ ಹಿಂದಿರುಗಿ ಬಂದು, ಹುಡುಗನ ಮುಖವನ್ನು ಒಮ್ಮೆ ನೋಡಿ, ಬೂಟಿನ ಲಾಡಿಯನ್ನು ಕಟ್ಟಿಕೊಳ್ಳಲು ಹೇಳಿದನು. ಹುಡುಗನ ಬೆರಳುಗಳು ಲಾಡಿಯ ಮೇಲೆ ತಡವರಿಸಿದುವೇ ಹೊರತು ಗಂಟು ಬೀಳಲಿಲ್ಲ. "ಮಾಸ್ಟರ್‌ಜೀ, ಇದು ದಣಿವಲ್ಲ. ಚಳಿ ಇವನ ಒಳಕ್ಕೆ ಹೊಕ್ಕಿದೆ" ಎಂದು ಆತನು ಹೇಳಿದನು. ಒಂದು ಬಂಡೆಯ ಮರೆಯಲ್ಲಿ ತಾಡಪತ್ರಿಯನ್ನು ಕಟ್ಟಿ, ಒದ್ದೆ ಬಟ್ಟೆಯನ್ನೆಲ್ಲ ಬಿಚ್ಚಿಸಿ, ಮೈ ಒರೆಸಿ, ತನ್ನ ಉಣ್ಣೆಯ ಅಂಗಿಯನ್ನೂ ಇನ್ನೊಬ್ಬ ಹುಡುಗನ ಒಣ ಪ್ಯಾಂಟನ್ನೂ ತೊಡಿಸಿ, ತಲೆಗೆ ಟೊಪ್ಪಿಯನ್ನು ಹಾಕಿ, ಮಲಗುವ ಚೀಲದೊಳಗೆ ಸೇರಿಸಿದನು. ಕೆಳಗೆ ಚೀಲಗಳನ್ನೂ ಹಗ್ಗಗಳನ್ನೂ ಹಾಸಿದನು. ಮಾತು ಸ್ಪಷ್ಟವಾದ ಮೇಲೆ ಬೆಚ್ಚನೆಯ ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದನು. ಸುಮಾರು ಒಂದು ಗಂಟೆಯ ಮೇಲೆ ಹುಡುಗನು ತಾನಾಗಿಯೇ, "ಸರ್, ನನ್ನ ಬೂಟು ಎಲ್ಲಿ?" ಎಂದು ಕೇಳಿದನು. ಅಷ್ಟು ಹೊತ್ತೂ ನಮ್ಮ ಮನಸ್ಸಿನಲ್ಲಿ ಇದ್ದುದು ಪಾಲಕರ ಸಭೆಯಲ್ಲಿ ನಾವು ಕೊಟ್ಟ ಉತ್ತರ.

ನಮ್ಮ ಹುಡುಗನು ಉಳಿದನು. ಎಲ್ಲರಿಗೂ ಹಾಗೆ ಆಗುವುದಿಲ್ಲ. ೨೦೨೪ರ ಜೂನ್ ತಿಂಗಳ ಮೊದಲ ವಾರದಲ್ಲಿ, ಉತ್ತರಾಖಂಡದ ಸಹಸ್ರತಾಲ್ ಎಂಬ ಸರೋವರದ ಚಾರಣಕ್ಕೆ ಕರ್ನಾಟಕದಿಂದ ಹೋಗಿದ್ದ ತಂಡವು ನಾಲ್ಕು ಸಾವಿರ ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಹಿಮಬಿರುಗಾಳಿಗೆ ಸಿಕ್ಕಿತು. ಮಾರ್ಗದರ್ಶಿಗಳೂ ಸೇರಿದಂತೆ ೨೨ ಮಂದಿ ಇದ್ದ ಆ ತಂಡದಲ್ಲಿ ಒಂಬತ್ತು ಮಂದಿ ತೀರಿಕೊಂಡರು. ಅವರು ಅನುಭವವಿಲ್ಲದ ಮಕ್ಕಳಲ್ಲ. ತಿಂಗಳು ಜೂನ್, ನಮ್ಮ ಪಂಚಾಂಗದಲ್ಲಿ ಚಳಿಯ ಹೆಸರೇ ಇಲ್ಲದ ಕಾಲ. ಯಾರ ತಪ್ಪು, ಯಾರದಲ್ಲ ಎಂದು ತೂಗಿ ನೋಡುವುದು ಈ ಪಾಠದ ಕೆಲಸವಲ್ಲ. ಎತ್ತರದ ಬೆಟ್ಟದಲ್ಲಿ ಚಳಿಯು ತಿಂಗಳನ್ನು ನೋಡಿ ಬರುವುದಿಲ್ಲವೆಂಬುದನ್ನು ಮಾತ್ರ ಇದರಿಂದ ನಾವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಬಟ್ಟೆ ಬಿಸಿಯನ್ನು ಕೊಡುವುದಿಲ್ಲ

ಸಮುದ್ರಮಟ್ಟದಿಂದ ಮೇಲೇರಿದಂತೆ ಪ್ರತಿ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿಗಳಷ್ಟು ಉಷ್ಣತೆ ಇಳಿಯುತ್ತದೆಂದು ನೀವು ಭೂಗೋಳದಲ್ಲಿ ಓದಿದ್ದೀರಿ. ಸಮುದ್ರದ ದಡದಲ್ಲಿ ೩೦ ಡಿಗ್ರಿ ಇದ್ದರೆ, ಅದೇ ಲೆಕ್ಕದಂತೆ ೪,೦೦೦ ಮೀಟರುಗಳ ಎತ್ತರದಲ್ಲಿ ೪ ಡಿಗ್ರಿ ಉಳಿಯುತ್ತದೆ. ಅದು ಹಗಲಿನ ಮಾತು. ರಾತ್ರಿಯಲ್ಲಿ ನೀರು ಹೆಪ್ಪುಗಟ್ಟುತ್ತದೆ. ಆದರೆ ನಮ್ಮ ದೇಹದ ಒಳಗಿನ ಉಷ್ಣತೆಯು ಎಲ್ಲಿಯೇ ಇರಲಿ, ೩೭ ಡಿಗ್ರಿಗಳ ಸುಮಾರಿಗೆ ಇರಬೇಕು. ಅದು ೩೫ಕ್ಕಿಂತ ಕೆಳಗಿಳಿದರೆ ಅಪಾಯ ಆರಂಭವಾಯಿತೆಂದೇ ತಿಳಿಯಬೇಕು. ವೈದ್ಯರು ಇದನ್ನು ಹೈಪೊಥರ್ಮಿಯಾ ಎನ್ನುತ್ತಾರೆ. ದೇಹತಾಪದ ಕುಸಿತವೆಂದು ನಾವು ಹೇಳಬಹುದು.

ಉಣ್ಣೆ ಬಿಸಿ, ಹತ್ತಿ ತಂಪು ಎಂದು ಎಲ್ಲರೂ ಹೇಳುವುದುಂಟು. ಒಂದು ಉಷ್ಣತಾಮಾಪಕವನ್ನು ಕಂಬಳಿಯಲ್ಲಿ ಸುತ್ತಿ ಕೋಣೆಯಲ್ಲಿಡಿರಿ. ಒಂದು ಗಂಟೆಯ ಮೇಲೆ ನೋಡಿದರೂ ಪಾದರಸ ಮೇಲೇರಿರುವುದಿಲ್ಲ. ಬಟ್ಟೆಯಲ್ಲಿ ಬಿಸಿಯಿಲ್ಲ, ಬಿಸಿ ಇರುವುದು ನಮ್ಮ ಮೈಯಲ್ಲಿ, ನಾವು ಉಂಡ ಅನ್ನದಲ್ಲಿ. ಬಟ್ಟೆಯು ಆ ಬಿಸಿಯನ್ನು ಹೊರಗೆ ಹೋಗದಂತೆ ಕಾಯುವ ಕಾವಲುಗಾರ ಮಾತ್ರ. ಮೀನು ಮಾರುಕಟ್ಟೆಗೆ ಮಂಜುಗಡ್ಡೆಯನ್ನು ಸಾಗಿಸುವವರು ಅದಕ್ಕೆ ಗೋಣಿಯನ್ನು ಹೊದಿಸುವುದನ್ನು ನೀವು ನೋಡಿರಬಹುದು. ಹೊರಗಿನ ಬಿಸಿ ಒಳಕ್ಕೆ ಹೋಗದಂತೆ ಗೋಣಿ ತಡೆಯುತ್ತದೆ. ಒಳಗಿನ ಬಿಸಿ ಹೊರಕ್ಕೆ ಬರದಂತೆ ಕಂಬಳಿ ತಡೆಯುತ್ತದೆ. ಎರಡೂ ಒಂದೇ ಕೆಲಸ. ಎಳೆಗಳ ನಡುವೆ ಅಲುಗದೆ ನಿಂತ ಗಾಳಿಯೇ ಈ ತಡೆಗೆ ಕಾರಣ.

ಈ ಕಾವಲನ್ನು ಮುರಿಯುವ ಕಳ್ಳರು ಇಬ್ಬರು: ಒಬ್ಬ ನೀರು, ಇನ್ನೊಬ್ಬ ಗಾಳಿ. ನೀರು ಗಾಳಿಗಿಂತ ಸುಮಾರು ೨೫ ಪಟ್ಟು ವೇಗವಾಗಿ ಉಷ್ಣವನ್ನು ಸಾಗಿಸುತ್ತದೆ. ಬಟ್ಟೆಯ ಎಳೆಗಳ ನಡುವಿನ ಗಾಳಿಯ ಜಾಗದಲ್ಲಿ ನೀರು ತುಂಬಿಕೊಂಡರೆ ಬಟ್ಟೆ ಕಾವಲುಗಾರನ ಕೆಲಸವನ್ನು ಬಿಟ್ಟು ಕಳ್ಳನಿಗೇ ದಾರಿ ತೋರಿಸುತ್ತದೆ. ಬೀಸುವ ಗಾಳಿಯಾದರೋ ಮೈಗೆ ತಾಗಿದ ಬೆಚ್ಚನೆಯ ಪದರವನ್ನು ಹೊತ್ತುಕೊಂಡು ಹೋಗುತ್ತದೆ. ಉಷ್ಣತೆಯು ಸೊನ್ನೆ ಡಿಗ್ರಿ ಇದ್ದು, ಗಂಟೆಗೆ ೪೦ ಕಿಲೋಮೀಟರ್ ವೇಗದ ಗಾಳಿ ಬೀಸಿದರೆ, ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ ಏಳು ಡಿಗ್ರಿ ಕೆಳಗಿನ ಚಳಿಯಂತೆ ಇರುತ್ತದೆ.

ಇದು ನಿಮಗೆ ಅನುಭವವಿಲ್ಲದ ಮಾತಲ್ಲ. ಜುಲೈ ತಿಂಗಳ ಮಳೆಯಲ್ಲಿ ತೋಯ್ದು ಲೋಕಲ್ ಗಾಡಿಯ ಬಾಗಿಲ ಹತ್ತಿರ ನಿಂತಾಗ ಹಲ್ಲು ಕಟಕಟನೆ ಕಡಿಯುವುದಿಲ್ಲವೆ? ಆಗ ಮುಂಬಯಿಯ ಉಷ್ಣತೆ ಬಹಳ ಕಡಿಮೆ ಇರುವುದು ಅಪರೂಪ. ಆದರೂ ನಡುಕ ಬರುವುದು ಏಕೆ? ನೀರು ಮತ್ತು ಗಾಳಿ ಎರಡೂ ಕೂಡಿದ್ದರಿಂದ. ಇನ್ನು ಇವೆರಡೂ ೫ ಡಿಗ್ರಿಯ ಬೆಟ್ಟದಲ್ಲಿ ಕೂಡಿದರೆ ಏನಾದೀತೆಂಬುದನ್ನು ನೀವೇ ಊಹಿಸಬಹುದು.

ಮೂರು ಪದರಗಳ ಉಡುಪು

ಬೆಟ್ಟವನ್ನು ಬಲ್ಲವರು ಒಂದೇ ದಪ್ಪ ಕೋಟನ್ನು ತೊಡುವ ಬದಲು ಮೂರು ಪದರಗಳಲ್ಲಿ ಉಡುತ್ತಾರೆ. ಮೂರಕ್ಕೂ ಬೇರೆ ಬೇರೆ ಕೆಲಸಗಳುಂಟು.

ಮೊದಲನೆಯದು ಒಳಪದರ. ಇದರ ಕೆಲಸ ಮೈಯ ಬೆವರನ್ನು ಹೊರಕ್ಕೆ ಸಾಗಿಸಿ ಚರ್ಮವನ್ನು ಒಣದಾಗಿ ಇಡುವುದು. ಇದು ಪಾಲಿಯೆಸ್ಟರಿನದಾಗಲಿ ನಯವಾದ ಉಣ್ಣೆಯದಾಗಲಿ ಇರಬೇಕು. ಅಂಗಡಿಯಲ್ಲಿ ಥರ್ಮಲ್ ಎಂದು ಕೇಳಿದರೆ ಕೊಡುತ್ತಾರೆ. ಯಾವುದರಿಂದ ನೇಯ್ದುದೆಂದು ಚೀಟಿಯನ್ನು ಓದಿ ಕೊಳ್ಳಬೇಕು. ಹತ್ತಿಯ ಬನಿಯನ್ನು ನಮ್ಮ ಊರಿನ ಸೆಕೆಗೆ ಬಹಳ ಒಳ್ಳೆಯದು. ಏಕೆಂದರೆ ಅದು ಬೆವರನ್ನು ಹಿಡಿದಿಟ್ಟುಕೊಂಡು ಮೈಯನ್ನು ತಂಪುಗೊಳಿಸುತ್ತದೆ. ಅದೇ ಗುಣ ಬೆಟ್ಟದ ಚಳಿಯಲ್ಲಿ ದೋಷವಾಗುತ್ತದೆ. ಜೀನ್ಸು ಕೂಡ ಹತ್ತಿಯೇ. ಅದು ದಪ್ಪವಾಗಿರುವುದರಿಂದ ಹೆಚ್ಚು ನೀರನ್ನು ಕುಡಿಯುತ್ತದೆ. ಬೇಗ ಒಣಗುವುದೂ ಇಲ್ಲ. ನಾವು ತಿಳಿಯದೆ ಹೇಳಿದ್ದು ಇದನ್ನೇ.

ಎರಡನೆಯದು ನಡುಪದರ. ನಿಂತ ಗಾಳಿಯನ್ನು ಹಿಡಿದಿಡುವುದು ಇದರ ಕೆಲಸ. ಉಣ್ಣೆಯ ಸ್ವೆಟರು, ಪಾಲಿಯೆಸ್ಟರಿನ ಫ್ಲೀಸ್ ಅಂಗಿ, ಹಕ್ಕಿಯ ಮೃದುಗರಿಗಳನ್ನು ತುಂಬಿದ ಡೌನ್ ಜಾಕೀಟು ಇವೆಲ್ಲ ಈ ಜಾತಿಯವು. ಉಣ್ಣೆಯ ಎಳೆಯು ತನ್ನ ತೂಕದ ಸುಮಾರು ನೂರಕ್ಕೆ ಮೂವತ್ತರಷ್ಟು ತೇವವನ್ನು ಒಳಗೆ ಹೀರಿಕೊಂಡೂ ಮುಟ್ಟಿದವರಿಗೆ ಒದ್ದೆಯೆನಿಸುವುದಿಲ್ಲ. ಒದ್ದೆಯಾದರೂ ಸ್ವಲ್ಪಮಟ್ಟಿಗೆ ಬೆಚ್ಚಗೆ ಇಡುತ್ತದೆ. ಈ ಗುಣವನ್ನು ನಮ್ಮ ಹಿರಿಯರು ವಿಜ್ಞಾನದ ಪುಸ್ತಕವಿಲ್ಲದೆಯೇ ಕಂಡುಕೊಂಡಿದ್ದರು. ಕನ್ನಡ ನಾಡಿನ ಹಳ್ಳಿಗಳಲ್ಲಿ ರೈತರೂ ಕುರುಬರೂ ಕಂಬಳಿಯನ್ನು ಕೊಪ್ಪೆಯಾಗಿ ಮಡಿಸಿ ತಲೆಯ ಮೇಲಿನಿಂದ ಹೊದ್ದು ಜಡಿಮಳೆಯಲ್ಲಿ ಗದ್ದೆಯ ಕೆಲಸ ಮಾಡುತ್ತಿದ್ದುದನ್ನು ನಾವು ಬಾಲ್ಯದಲ್ಲಿ ನೋಡಿದ್ದೇವೆ. ಹಿಮಾಚಲದ ಗದ್ದಿ ಕುರುಬರೂ ಚೋಲಾ ಎಂಬ ದಪ್ಪ ಉಣ್ಣೆಯ ನಿಲುವಂಗಿಯನ್ನು ತೊಟ್ಟು, ಡೋರಾ ಎಂಬ ಉಣ್ಣೆಯ ಉದ್ದನೆಯ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಳ್ಳುತ್ತಾರೆ. ಎಳೆಯ ಕುರಿಮರಿಯನ್ನು ಆ ಅಂಗಿಯ ಎದೆಯೊಳಗೆ ಇರಿಸಿಕೊಂಡು ಕಣಿವೆಯನ್ನು ದಾಟುತ್ತಾರೆ. ಭಾಷೆ ಬೇರೆಯಾದರೂ ಕುರಿಯನ್ನು ಕಾಯುವವರ ಅರಿವು ಒಂದೇ.

ಡೌನ್ ಜಾಕೀಟಿನ ಕಥೆಯೂ ಸ್ವಾರಸ್ಯವಾಗಿದೆ. ೧೯೨೨ರಲ್ಲಿ ಎವರೆಸ್ಟ್ ಏರಲು ಹೋದ ಬ್ರಿಟಿಷ್ ತಂಡದಲ್ಲಿದ್ದ ಜಾರ್ಜ್ ಫಿಂಚ್ ಎಂಬ ರಸಾಯನಶಾಸ್ತ್ರಜ್ಞನು ಬಲೂನಿನ ಬಟ್ಟೆಯಿಂದ ಒಂದು ಕೋಟನ್ನು ಹೊಲಿಸಿ, ಅದರೊಳಗೆ ಈಡರ್ ಎಂಬ ಬಾತುಕೋಳಿಯ ಮೃದುಗರಿಗಳನ್ನು ತುಂಬಿಸಿದ್ದನು. ಟ್ವೀಡ್ ಕೋಟುಗಳನ್ನು ತೊಟ್ಟಿದ್ದ ಜೊತೆಗಾರರು ಮೊದಲು ನಕ್ಕರು. ಮೇಲೇರಿ ಚಳಿ ಹೆಚ್ಚಿದಾಗ ಅವರೇ ಅದನ್ನು ನೋಡಿ ಆಸೆಪಟ್ಟರು. ಇಂದು ಜಗತ್ತಿನ ಪರ್ವತಾರೋಹಿಗಳೆಲ್ಲ ತೊಡುವುದು ಆ ಜಾತಿಯ ಕೋಟನ್ನೇ. ಆದರೆ ಒಂದು ಎಚ್ಚರಿಕೆ: ಗರಿ ಒದ್ದೆಯಾದರೆ ಮುದ್ದೆಯಾಗಿ ನಿಷ್ಪ್ರಯೋಜಕವಾಗುತ್ತದೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ಯಬೇಕು. ಮಳೆಯಲ್ಲಿ ಮೇಲೆ ತೊಡಬಾರದು.

ಮೂರನೆಯದು ಹೊರಪದರ. ಗಾಳಿಯನ್ನೂ ಮಳೆಯನ್ನೂ ತಡೆಯುವುದು ಇದರ ಕೆಲಸ. ತಲೆಗವಸು ಇರುವ ಜಾಕೀಟು ಮತ್ತು ಪ್ಯಾಂಟು, ಎರಡೂ ಬೇಕು. ಒಳಗಿನ ಎರಡು ಪದರಗಳು ಹಿಡಿಸುವಷ್ಟು ಅದು ಸಡಿಲವಾಗಿರಬೇಕು. ಬಿಗಿಯಾದರೆ ನಡುವಿನ ಗಾಳಿಯ ಪದರವೇ ಇಲ್ಲದಂತಾಗುತ್ತದೆ. ಮುಂಬಯಿಯ ಸಾಧಾರಣ ಪ್ಲಾಸ್ಟಿಕ್ ರೇನ್‌ಕೋಟು ಬೆವರನ್ನು ಒಳಗೇ ಉಳಿಸುತ್ತದೆಂಬುದು ನಿಜ. ಆದರೂ ಏನೂ ಇಲ್ಲದಿರುವುದಕ್ಕಿಂತ ಅದು ಎಷ್ಟೋ ಮೇಲು.

ಪದರಗಳನ್ನು ಹೊಂದಿದ್ದರೆ ಸಾಲದು, ಅವುಗಳನ್ನು ಸಮಯವರಿತು ತೊಡಬೇಕು, ಸಮಯವರಿತು ಬಿಚ್ಚಬೇಕು. ಏರುವಾಗ ಬೆವರು ಒಡೆಯುವ ಮೊದಲೇ ಒಂದನ್ನು ತೆಗೆಯಿರಿ. ವಿಶ್ರಾಂತಿಗೆ ಕುಳಿತೊಡನೆ, ಚಳಿಯೆನಿಸುವ ಮೊದಲೇ, ಮತ್ತೆ ತೊಡಿರಿ. ನಡೆಯುವುದಕ್ಕೆ ಒಂದು ಜೊತೆ, ಮಲಗುವುದಕ್ಕೆ ಒಂದು ಜೊತೆ ಬಟ್ಟೆಯಿರಲಿ. ಮಲಗುವ ಜೊತೆಯನ್ನು ಎಷ್ಟೇ ಮೋಹವಾದರೂ ಹಗಲು ಮುಟ್ಟಬಾರದು. ಸಂಜೆ ಬಿಡಾರವನ್ನು ಸೇರಿದಾಗ ಒಣ ಬಟ್ಟೆ ಇದೆಯೆಂಬ ಧೈರ್ಯವು ಹಾಸಿಗೆಗಿಂತ ಹೆಚ್ಚಿನದು.

ಕೈ, ಕಾಲು, ಕಣ್ಣು

ಚಳಿಯು ಹೆಚ್ಚಿದಾಗ ದೇಹವು ಎದೆ ಹೊಟ್ಟೆಗಳೊಳಗಿನ ಮುಖ್ಯ ಅಂಗಗಳನ್ನು ಕಾಪಾಡಲೆಂದು ಕೈಕಾಲುಗಳ ಕಡೆಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಆದ್ದರಿಂದ ಮೊದಲು ತೊಂದರೆಗೆ ಒಳಗಾಗುವುವು ಬೆರಳು, ಕಿವಿ, ಮೂಗುಗಳ ತುದಿಗಳು.

ಕೈಗಳಿಗೆ ತೆಳುವಾದ ಒಂದು ಗವಸು, ಅದರ ಮೇಲೆ ದಪ್ಪನೆಯ ಇನ್ನೊಂದು ಇರಬೇಕು. ಮೇಲಿನ ಗವಸುಗಳೆರಡನ್ನೂ ಒಂದು ದಾರದಿಂದ ಕೂಡಿಸಿ, ದಾರವನ್ನು ತೋಳುಗಳೊಳಗಿಂದ ಹಾಯಿಸಿ ತೊಡುವುದು ಒಳ್ಳೆಯದು. ಇದನ್ನು ಎಳೆಯ ಮಕ್ಕಳ ಪದ್ಧತಿಯೆಂದು ನಗಬೇಡಿರಿ. ೧೯೫೦ರ ಜೂನ್ ೩ರಂದು ಫ್ರಾನ್ಸ್ ದೇಶದ ಮೋರಿಸ್ ಎರ್ಜೋಗ್ ಮತ್ತು ಲೂಯಿ ಲಾಷೆನಾಲ್ ಎಂಬವರು ೮,೦೯೧ ಮೀಟರ್ ಎತ್ತರದ ಅನ್ನಪೂರ್ಣಾ ಶಿಖರವನ್ನು ಏರಿದರು. ಎಂಟು ಸಾವಿರ ಮೀಟರಿಗಿಂತ ಎತ್ತರವಾದ ಶಿಖರವೊಂದನ್ನು ಮಾನವನು ಏರಿದುದು ಅದೇ ಮೊದಲು. ಇಳಿಯುವಾಗ ಎರ್ಜೋಗನು ಚೀಲವನ್ನು ಬಿಚ್ಚಲೆಂದು ಗವಸುಗಳನ್ನು ಕಳಚಿ ಹಿಮದ ಮೇಲೆ ಇಟ್ಟನು. ಅವು ಜಾರಿ ಇಳಿಜಾರಿನಲ್ಲಿ ಕಣ್ಮರೆಯಾದುವು. ಶೀತದಿಂದ ಕೊಳೆತ ಅವನ ಬೆರಳುಗಳನ್ನು ವೈದ್ಯರು ಕತ್ತರಿಸಬೇಕಾಯಿತು. ಅಷ್ಟು ದೊಡ್ಡ ಶಿಖರವನ್ನು ಗೆದ್ದವನು ಒಂದು ದಾರದ ಕೊರತೆಯಿಂದ ಬೆರಳುಗಳನ್ನು ಕಳೆದುಕೊಂಡನು.

ಬೆರಳ ತುದಿ ಬೆಳ್ಳಗಾಗಿ ಸ್ಪರ್ಶ ತಿಳಿಯದಂತಾದರೆ ಕೂಡಲೇ ಕಂಕುಳಲ್ಲಿ ಇಟ್ಟು ಬೆಚ್ಚಗೆ ಮಾಡಿಕೊಳ್ಳಬೇಕು. ಅದನ್ನು ಉಜ್ಜಬಾರದು, ಹಿಮವನ್ನು ಹಚ್ಚಿ ತಿಕ್ಕುವುದಂತೂ ದೊಡ್ಡ ತಪ್ಪು. ಬೆಂಕಿಗೆ ಹಿಡಿಯಲೂ ಬಾರದು, ಏಕೆಂದರೆ ಮರಗಟ್ಟಿದ ಬೆರಳಿಗೆ ಸುಡುವುದೇ ತಿಳಿಯುವುದಿಲ್ಲ.

ಬೂಟನ್ನು ದಪ್ಪ ಕಾಲುಚೀಲದೊಡನೆ ಹಾಕಿ ನೋಡಿಯೇ ಕೊಳ್ಳಬೇಕು. ಒಳಗೆ ಬೆರಳುಗಳು ಆಡುವಂತಿರಬೇಕು. ಬೆಚ್ಚಗಿರಲೆಂದು ಎರಡು ಮೂರು ಕಾಲುಚೀಲಗಳನ್ನು ತುರುಕಿದರೆ ರಕ್ತದ ಓಟಕ್ಕೆ ತಡೆಯಾಗಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಹೊಸ ಬೂಟನ್ನು ನೇರವಾಗಿ ಬೆಟ್ಟಕ್ಕೆ ಒಯ್ಯಬಾರದು. ಎರಡು ಮೂರು ವಾರ ಶಾಲೆಗೆ ಅದನ್ನೇ ಹಾಕಿಕೊಂಡು ಬನ್ನಿರಿ, ನಾವು ಆಕ್ಷೇಪಿಸುವುದಿಲ್ಲ. ಹಿಮ ಬೀಳುವಷ್ಟು ಚಳಿಯ ರಾತ್ರಿಯಲ್ಲಿ ಬೂಟನ್ನು ಗುಡಾರದ ಹೊರಗೆ ಬಿಡಬಾರದು. ೧೯೫೩ರ ಮೇ ೨೯ರ ನಸುಕಿನಲ್ಲಿ ಎವರೆಸ್ಟಿನ ತುದಿಗೆ ಹೊರಡಬೇಕಾಗಿದ್ದ ಎಡ್ಮಂಡ್ ಹಿಲರಿಯ ಬೂಟುಗಳು ಕಲ್ಲಿನಂತೆ ಹೆಪ್ಪುಗಟ್ಟಿದ್ದುವು. ರಾತ್ರಿ ಅವನು ಅವುಗಳನ್ನು ಕಳಚಿ ಇಟ್ಟಿದ್ದನು. ಒಲೆಯ ಮೇಲೆ ಹಿಡಿದು ಅವುಗಳನ್ನು ಮೆದು ಮಾಡುವುದರಲ್ಲಿ ಸುಮಾರು ಎರಡು ಗಂಟೆ ಕಳೆಯಿತು. ತೇನ್‌ಸಿಂಗನು ತನ್ನ ಬೂಟುಗಳನ್ನು ಕಳಚದೆಯೇ ಮಲಗಿದ್ದನು.

ಕಣ್ಣಿನ ವಿಷಯವನ್ನು ಅನೇಕರು ಮರೆಯುತ್ತಾರೆ. ಹೊಸ ಹಿಮವು ತನ್ನ ಮೇಲೆ ಬಿದ್ದ ನೇರಿಳಾತೀತ ಕಿರಣಗಳಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಹಿಂದಕ್ಕೆ ಚೆಲ್ಲುತ್ತದೆ. ಎತ್ತರ ಹೆಚ್ಚಿದಂತೆ ಆ ಕಿರಣಗಳೂ ಹೆಚ್ಚುತ್ತವೆ. ಮೋಡ ಕವಿದಿದ್ದರೂ ಅಪಾಯ ತಪ್ಪದು. ಅನ್ನಪೂರ್ಣಾದಲ್ಲಿ ಎರ್ಜೋಗನಿಗೆ ನೆರವಾಗಲು ಬಂದ ಇಬ್ಬರು ಜೊತೆಗಾರರು ಬಿರುಗಾಳಿಯಲ್ಲಿ ದಾರಿ ಕಾಣದೆಂದು ಕನ್ನಡಕವನ್ನು ತೆಗೆದಿದ್ದರು. ಮರುದಿನ ಅವರಿಗೆ ಹಿಮಕುರುಡು ಬಂದು ಕಣ್ಣೇ ಕಾಣದಂತಾಯಿತು. ಆದ್ದರಿಂದ ನೇರಿಳಾತೀತ ಕಿರಣಗಳನ್ನು ತಡೆಯುವ, ಬದಿಗಳೂ ಮುಚ್ಚಿರುವ ಕಪ್ಪು ಕನ್ನಡಕವು ಅಲಂಕಾರದ ವಸ್ತುವಲ್ಲ. ಅದು ಕಳೆದುಹೋದರೆ ರಟ್ಟಿನಲ್ಲಿ ಸಣ್ಣ ಸೀಳು ಮಾಡಿ ಕಣ್ಣಿಗೆ ಕಟ್ಟಿಕೊಳ್ಳಿರಿ. ಉತ್ತರ ಧ್ರುವ ಪ್ರದೇಶದ ಇನ್ಯೂಟ್ ಜನರು ಮರ, ಎಲುಬುಗಳಿಂದ ಇಂತಹ ಸೀಳುಕನ್ನಡಕಗಳನ್ನು ಮಾಡಿಕೊಳ್ಳುತ್ತಿದ್ದರು.

ಬೆನ್ನಚೀಲದಲ್ಲಿ ಇರಬೇಕಾದುವು

ಮಾರ್ಗದರ್ಶಿಯ ಚೀಲದಲ್ಲಿ ಎಲ್ಲವೂ ಇರುತ್ತದೆಂದು ನಂಬಿ ನಡೆಯಬಾರದು. ಅವನೂ ನೀವೂ ಅಗಲಿದ ಹೊತ್ತಿನಲ್ಲಿಯೇ ಅವುಗಳ ಅಗತ್ಯ ಬೀಳಬಹುದು. ಪ್ರತಿಯೊಬ್ಬನ ಚೀಲದಲ್ಲಿ ಈ ವಸ್ತುಗಳು ಇರಲಿ: ಟಾರ್ಚು ಮತ್ತು ಹೆಚ್ಚಿನ ಬ್ಯಾಟರಿ, ಸೀಟಿ, ಬೆಂಕಿಪೊಟ್ಟಣ, ಬೆಳ್ಳಿಯಂತೆ ಹೊಳೆಯುವ ತೆಳು ಹಾಳೆಯ ತುರ್ತು ಹೊದಿಕೆ, ಕುಡಿಯುವ ನೀರು, ಬೆಲ್ಲದ ಚಿಕ್ಕಿ ಅಥವಾ ಖರ್ಜೂರ, ಗಾಯಕ್ಕೆ ಕಟ್ಟುವ ಬಟ್ಟೆ, ಒಂದು ಜೊತೆ ಒಣ ಕಾಲುಚೀಲ. ಚೀಲದ ಒಳಗೆ ದೊಡ್ಡದಾದ ಒಂದು ಪ್ಲಾಸ್ಟಿಕ್ ಚೀಲವನ್ನು ಹಾಸಿ, ಅದರೊಳಗೆ ಎಲ್ಲವನ್ನೂ ತುಂಬಿ ಬಾಯಿ ಕಟ್ಟಿದರೆ ಎಂತಹ ಮಳೆಗೂ ಹೆದರಬೇಕಾಗಿಲ್ಲ.

ಸೀಟಿಯು ಚಿಕ್ಕದು, ಆದರೆ ಕೂಗುವ ಕಂಠಕ್ಕಿಂತ ಅದು ದೂರ ಕೇಳಿಸುತ್ತದೆ. ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಆರು ಸಲ ಊದುವುದು ಪರ್ವತಗಳಲ್ಲಿ ಸಂಕಟದ ಕರೆ. ಕೇಳಿದವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರ ಕೊಡುತ್ತಾರೆ. ರಾತ್ರಿಯಲ್ಲಿ ಟಾರ್ಚಿನ ಬೆಳಕಿನಿಂದಲೂ ಹೀಗೆಯೇ ಕರೆಯಬಹುದು. ಮೊಬೈಲಿನಿಂದ ೧೧೨ಕ್ಕೆ ಕರೆ ಮಾಡಬಹುದೆಂಬುದು ನಿಜ. ಆದರೆ ಅನೇಕ ಕಣಿವೆಗಳಲ್ಲಿ ಸಂಪರ್ಕವೇ ಸಿಕ್ಕುವುದಿಲ್ಲ. ಚಳಿಯಲ್ಲಿ ಬ್ಯಾಟರಿಯ ಶಕ್ತಿಯೂ ಬೇಗ ಕುಗ್ಗುತ್ತದೆ. ಮೊಬೈಲನ್ನೂ ಟಾರ್ಚಿನ ಬ್ಯಾಟರಿಯನ್ನೂ ಎದೆಯ ಒಳಜೇಬಿನಲ್ಲಿ ಇಟ್ಟುಕೊಳ್ಳಿರಿ.

ಮಂಜುಗೊಡಲಿ, ಬೂಟಿಗೆ ಕಟ್ಟುವ ಉಕ್ಕಿನ ಮುಳ್ಳುಗಳು, ಹಗ್ಗ ಇವು ತರಬೇತಿ ಪಡೆದವರ ಸಾಧನಗಳು. ಚಳಿಗಾಲದಲ್ಲಿ ಹಿಮಪಾತದ ಇಳಿಜಾರುಗಳನ್ನು ದಾಟುವವರು ಸಂಕೇತ ಕಳಿಸುವ ಯಂತ್ರ, ಹಿಮದೊಳಗೆ ಚುಚ್ಚಿ ಹುಡುಕುವ ಉದ್ದನೆಯ ಕಡ್ಡಿ, ಸಲಿಕೆ ಈ ಮೂರನ್ನೂ ಒಯ್ಯುತ್ತಾರೆ. ಹಿಮದಲ್ಲಿ ಹೂತುಹೋದವನಿಗೆ ಮೊದಲ ಹತ್ತು ಹದಿನೈದು ನಿಮಿಷಗಳೇ ನಿರ್ಣಾಯಕ. ಕಲಿಯದೆ ಇವನ್ನು ಕೈಯಲ್ಲಿ ಹಿಡಿದರೆ ಪ್ರಯೋಜನವಿಲ್ಲ. ಡಾರ್ಜಿಲಿಂಗಿನಲ್ಲಿ ೧೯೫೪ರಲ್ಲಿಯೂ ಉತ್ತರಕಾಶಿಯಲ್ಲಿ ೧೯೬೫ರಲ್ಲಿಯೂ ಸ್ಥಾಪಿತವಾದ ಪರ್ವತಾರೋಹಣ ಸಂಸ್ಥೆಗಳು ಇದನ್ನು ಕ್ರಮವಾಗಿ ಕಲಿಸುತ್ತವೆ. ಆಸಕ್ತಿಯುಳ್ಳವರು ಮುಂದೆ ಅಲ್ಲಿಗೆ ಹೋಗಿ ಕಲಿಯಬಹುದು.

ಎರಡು ಅಪಾಯಗಳಿಗೆ ಯಾವ ಉಡುಪೂ ಅಡ್ಡಬರಲಾರದು. ಒಂದು, ಮುಚ್ಚಿದ ಗುಡಾರದಲ್ಲಾಗಲಿ ಕೋಣೆಯಲ್ಲಾಗಲಿ ಚಳಿ ಕಾಯಿಸಲು ಉರಿಸುವ ಇದ್ದಲಿನ ಅಗ್ಗಿಷ್ಟಿಕೆ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಎರಡು, ಎತ್ತರದ ಕಾಯಿಲೆ. ಸುಮಾರು ೫,೫೦೦ ಮೀಟರುಗಳ ಎತ್ತರದಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟದ ಅರ್ಧದಷ್ಟೇ ಇರುತ್ತದೆ. ಮೂರು ಸಾವಿರ ಮೀಟರುಗಳಿಂದ ಮೇಲೆ, ಒಂದು ರಾತ್ರಿ ಮಲಗಿದ ಸ್ಥಳಕ್ಕಿಂತ ಮರುರಾತ್ರಿ ಮಲಗುವ ಸ್ಥಳವು ೫೦೦ ಮೀಟರಿಗಿಂತ ಹೆಚ್ಚು ಎತ್ತರದಲ್ಲಿ ಇರಬಾರದು. ತಲೆನೋವು, ವಾಂತಿ, ತಲೆಸುತ್ತು ಕಂಡರೆ ಮೇಲೇರುವುದನ್ನು ನಿಲ್ಲಿಸಬೇಕು. ಹೆಚ್ಚಾದರೆ ಕೆಳಗಿಳಿಯುವುದೇ ಮದ್ದು.

ಜೊತೆಗಾರನೇ ಮೊದಲ ರಕ್ಷಣಾ ಸಾಧನ

ಎಲ್ಲ ಸಾಧನಗಳಿಗಿಂತ ಮೇಲಾದುದೊಂದುಂಟು. ಅದು ಅಂಗಡಿಯಲ್ಲಿ ಸಿಕ್ಕುವುದಿಲ್ಲ. ಚಳಿಯು ಒಳಕ್ಕೆ ಹೊಕ್ಕಾಗ ಮೊದಲು ಮಂಕಾಗುವುದು ಬುದ್ಧಿ. ಆದ್ದರಿಂದ ತನಗೆ ಅಪಾಯವಾಗಿದೆಯೆಂಬುದು ರೋಗಿಗೆ ತಾನಾಗಿ ತಿಳಿಯದು. "ನನಗೇನೂ ಆಗಿಲ್ಲ, ಬಿಡು" ಎಂದೇ ಅವನು ಹೇಳುತ್ತಾನೆ. ಅದನ್ನು ಕಾಣಬೇಕಾದವನು ಜೊತೆಗಾರ. ಇಬ್ಬಿಬ್ಬರು ಜೊತೆಯಾಗಿ, ಗಂಟೆಗೊಮ್ಮೆ ಒಬ್ಬರ ಮುಖವನ್ನು ಒಬ್ಬರು ನೋಡಿಕೊಳ್ಳಬೇಕು. ಮಾತು ತೊದಲುತ್ತಿದೆಯೆ? ಕಾಲು ಎಡವುತ್ತಿದೆಯೆ? ಗುಂಡಿ ಹಾಕಿಕೊಳ್ಳಲು ಕೈ ತಡವರಿಸುತ್ತಿದೆಯೆ? ಸದಾ ಮಾತಾಡುವವನು ಮೌನವಾದನೆ? ಇವುಗಳಲ್ಲಿ ಒಂದು ಕಂಡರೂ ತಂಡವು ನಿಲ್ಲಬೇಕು. ನಡುಗುತ್ತಿದ್ದವನು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿ ತೂಕಡಿಸತೊಡಗಿದರೆ ಅದು ಗುಣವಾದ ಲಕ್ಷಣವಲ್ಲ, ಅಪಾಯ ಬಲಿತ ಲಕ್ಷಣ. ಆಗ ಅವನನ್ನು ನಡೆಸದೆ, ಕುಲುಕದೆ, ಮೆಲ್ಲನೆ ಮಲಗಿಸಿ, ಸಹಾಯವನ್ನು ಕರೆಸಬೇಕು.

ಮಾಡಬೇಕಾದ ಕ್ರಮವನ್ನು ನಮ್ಮ ಮಾರ್ಗದರ್ಶಿಯು ಅಂದು ಮಾಡಿ ತೋರಿ‌ಸಿದ್ದನು: ಗಾಳಿಯಿಂದ ಮರೆ, ಒದ್ದೆಯಿಂದ ಬಿಡುಗಡೆ, ನೆಲದಿಂದ ಅಂತರ, ತಲೆಗೆ ಹೊದಿಕೆ, ಎಚ್ಚರವಿದ್ದು ನುಂಗಬಲ್ಲವನಾದರೆ ಸಿಹಿಯಾದ ಬಿಸಿ ಪಾನೀಯ. ಮದ್ಯವನ್ನು ಮಾತ್ರ ಎಂದಿಗೂ ಕೊಡಬಾರದು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಹಾಕುತ್ತದೆ.

ಶಿಖರದ ಆಸೆಯಿಂದ ಒಬ್ಬನನ್ನು ಹಿಂದೆ ಬಿಟ್ಟು ಹೋಗುವ ತಂಡವು ಎಷ್ಟು ಎತ್ತರ ಏರಿದರೂ ಕೆಳಗಿನದೇ. ಹಿಂದಿರುಗುವುದು ಸೋಲಲ್ಲ, ಬೆಟ್ಟವು ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ.

ಮನೆಯಲ್ಲಿ ಮಾಡಿ ನೋಡಿರಿ

ಒಂದೇ ಅಳತೆಯ ಮೂರು ಬಾಟಲಿಗಳಲ್ಲಿ ಒಂದೇ ಬಿಸಿಯ ನೀರನ್ನು ತುಂಬಿರಿ. ಒಂದಕ್ಕೆ ಒಣ ಉಣ್ಣೆಯನ್ನೂ, ಎರಡನೆಯದಕ್ಕೆ ಹಿಂಡಿದ ಒದ್ದೆ ಉಣ್ಣೆಯನ್ನೂ, ಮೂರನೆಯದಕ್ಕೆ ಹಿಂಡಿದ ಒದ್ದೆ ಹತ್ತಿ ಬಟ್ಟೆಯನ್ನೂ ಸುತ್ತಿ ಫ್ಯಾನಿನ ಕೆಳಗೆ ಇಡಿರಿ. ಹತ್ತು ನಿಮಿಷಗಳಿಗೊಮ್ಮೆ ಉಷ್ಣತೆಯನ್ನು ಅಳೆದು ಬರೆದುಕೊಂಡು, ನಕ್ಷೆಯ ಕಾಗದದ ಮೇಲೆ ಮೂರು ರೇಖೆಗಳನ್ನು ಎಳೆಯಿರಿ. ಯಾವುದು ಬೇಗ ಇಳಿಯಿತು? ಏಕೆ? ವಹನ, ಸಂವಹನ, ಬಾಷ್ಪೀಭವನ ಎಂಬ ಶಬ್ದಗಳನ್ನು ಬಳಸಿ ಉತ್ತರ ಬರೆದು ತಂದು ತೋರಿಸಿರಿ.

ಕೊನೆಯ ಮಾತು

ಇಷ್ಟನ್ನೆಲ್ಲ ಓದಿದ ಮೇಲೆ, "ಇವೆಲ್ಲ ಹಣವಂತರ ಸಾಮಾನು, ನಮ್ಮ ಮನೆಯಲ್ಲಿ ಎಲ್ಲಿಂದ ತರಬೇಕು?" ಎಂದು ಕೆಲವರಿಗೆ ಅನಿಸಬಹುದು. ಆ ಮಾತು ಸುಳ್ಳಲ್ಲ. ಆದರೆ ಎಲ್ಲವನ್ನೂ ಕೊಳ್ಳಲೇಬೇಕೆಂದಿಲ್ಲ. ಡೌನ್ ಜಾಕೀಟು, ಬೂಟುಗಳು ಮನಾಲಿಯಂತಹ ಊರುಗಳಲ್ಲಿ ಬಾಡಿಗೆಗೆ ಸಿಕ್ಕುತ್ತವೆ. ಸ್ವೆಟರನ್ನು ಅಣ್ಣನಿಂದಲೋ ನೆರೆಯವರಿಂದಲೋ ಎರವಲು ಪಡೆಯಬಹುದು. ಬಟ್ಟೆಯನ್ನು ಒಣದಾಗಿ ಇಟ್ಟುಕೊಳ್ಳುವುದಕ್ಕೂ, ಗವಸಿಗೆ ದಾರ ಕಟ್ಟುವುದಕ್ಕೂ, ಜೊತೆಗಾರನ ಮುಖ ನೋಡುವುದಕ್ಕೂ ಖರ್ಚು ಇಲ್ಲ.

ನಮ್ಮ ಪ್ರಯೋಗಾಲಯದ ಕಪಾಟಿನ ಕೆಳಗಿನ ಖಾನೆಯಲ್ಲಿ ಈಗ ನಾಲ್ಕು ಮಳೆ ಜಾಕೀಟು, ಆರು ಜೊತೆ ಗವಸು, ಕೆಲವು ಉಣ್ಣೆಯ ಟೊಪ್ಪಿಗಳು ಇವೆ. ಚಾರಣಕ್ಕೆ ಹೋಗುವ ಯಾವ ವಿದ್ಯಾರ್ಥಿಯಾದರೂ ವಹಿಯಲ್ಲಿ ಹೆಸರು ಬರೆದು ಅವುಗಳನ್ನು ಒಯ್ಯಬಹುದು. ತಂದು ಒಗೆದು ಹಿಂದಿರುಗಿಸಬೇಕು. ಈ ಖಾನೆಗೆ ಮೊದಲ ವಸ್ತುವನ್ನು ಕೊಟ್ಟವನು ಅಂದು ಬೂಟಿನ ಲಾಡಿಯನ್ನು ಕಟ್ಟಲಾರದೆ ಹೋದ ಹುಡುಗನೇ. ಶಾಲೆ ಮುಗಿಸಿ ಕೆಲಸಕ್ಕೆ ಸೇರಿ ಮೊದಲ ಸಂಬಳ ಬಂದಾಗ ಅವನು ಒಂದು ಬೆಚ್ಚನೆಯ ಪ್ಯಾಂಟನ್ನು ಕೊಂಡು ತಂದು ನಮ್ಮ ಮೇಜಿನ ಮೇಲೆ ಇಟ್ಟು, "ಸರ್, ಯಾರಿಗಾದರೂ ಬೇಕಾದೀತು" ಎಂದನು. ಅದು ಇದುವರೆಗೆ ಮೂರು ಸಲ ಹಿಮಾಲಯಕ್ಕೆ ಹೋಗಿಬಂದಿದೆ. ಮುಂದಿನ ಮೇ ತಿಂಗಳಲ್ಲಿ ಯಾರಿಗೆ ಬೇಕೋ ಅವರು ಈಗಲೇ ಬಂದು ಹೇಳಿರಿ.